ಎರಡು ಕಾಲಿನ ಬ್ರೇಕು

ಯಾರಾದರೂ ಏನನ್ನಾದರೂ ಬಿಟ್ಟಿ ಕಲಿಸಲು ಬಂದರೆ ನಮ್ಮ ಊರಿಗೆ ನಿದ್ದೆ ಬರುವುದಿಲ್ಲ. ಅಜ್ಜಂಪುರದ ಲೈಬ್ರರಿಯಲ್ಲಿ ಕೆಲಸ ಮಾಡುವ ನಾನು ಇಂಥದ್ದನ್ನು ನೋಡುತ್ತಲೇ ಇರುತ್ತೇನೆ. ಈ ಸಲ ಬಂದವರು ನಮ್ಮ ಸೀಮೆಯಿಂದ ಹೋಗಿ ವಿಮಾನ ಓಡಿಸಿದ ಮೊದಲ ಹೆಂಗಸು. ತಿಂಗಳಿಗೊಂದು ಭಾನುವಾರ ಲೈಬ್ರರಿಯಲ್ಲಿ ಹುಡುಗ ಹುಡುಗಿಯರಿಗೆ ಅವರ ಪಾಠ.

೧. ಬೆಂಚು

ಕ್ಯಾಪ್ಟನ್ ಮೇಡಂ ಬೀರೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ ನಿಲ್ದಾಣದ ಹೋಟೆಲಿನವರು ನನ್ನನ್ನು ಪಕ್ಕಕ್ಕೆ ಕರೆದರು.

“ವಿಮಾನ ಓಡ್ಸೋರು ಅಂತೀರ. ಬಸ್ಸಲ್ಲಿ ಯಾಕ್ ಬತ್ತಾರೆ?”

“ಇಲ್ಲಿ ಇಳ್ಸೋಕೆ ಜಾಗ ಇಲ್ವಲ್ಲ,” ಅಂದೆ.

ಮುಂದಿನ ತಿಂಗಳು ನೋಡಿದರೆ, ಹೋಟೆಲಿನ ಮುಂದಿದ್ದ ಎರಡು ಬೆಂಚು ಒಳಗೆ ಹೋಗಿದ್ದವು.

೨. ಹುಡುಗ ಯಾವೂರು

ಪಾಠಕ್ಕೆ ಬರುವವರಲ್ಲಿ ಪಿಯುಸಿ ಮುಗಿಸಿದ ಒಬ್ಬ ಹುಡುಗಿಗೆ ಪೈಲಟ್ ಆಗಲೇಬೇಕೆಂಬ ಹಟ. ತರಬೇತಿಯ ಅರ್ಜಿಗೆ ಅಪ್ಪನ ಸಹಿ ಬೇಕಿತ್ತು. ಅಪ್ಪ ಬೀರೂರು–ಅಜ್ಜಂಪುರ ಬಸ್ಸಿನ ಡ್ರೈವರ್. ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಮೊದಲು ವಿಚಾರಿಸಿಕೊಂಡು ಬಾ ಎಂದು ತಮ್ಮ ತಾಯಿಯನ್ನು ಕಳಿಸಿದರು.

ಅಜ್ಜಿ ಹಿಂದಿನ ಕುರ್ಚಿಯಲ್ಲಿ ಕೂತರು. ಮೇಡಂ ಹುಡುಗಿಯನ್ನು ಕೇಳುತ್ತಿದ್ದರು: ಎತ್ತರ ಎಷ್ಟು, ಕಣ್ಣು ಸರಿಯಿದೆಯೆ, ಬಣ್ಣಗಳೆಲ್ಲ ಗುರುತು ಸಿಗುತ್ತವೆಯೆ, ಮೂರ್ಛೆ ಗೀರ್ಛೆ ಬಂದದ್ದುಂಟೆ.

ಅಜ್ಜಿ ಎದ್ದು ನಿಂತರು. “ಎಲ್ಲಾ ಕೇಳಿದ್ದಾಯ್ತಲ್ಲವ್ವ. ಹುಡುಗ ಯಾವೂರು?”

“ಹುಡುಗ ಇಲ್ಲಮ್ಮ. ಇದೆಲ್ಲ ವಿಮಾನ ಓಡ್ಸೋಕೆ.”

ಅಜ್ಜಿ ನನ್ನ ಕಡೆ ತಿರುಗಿದರು. “ನೋಡಿದ್ಯೇನಪ್ಪಾ, ಹುಡುಗನ್ನ ಬಚ್ಚಿಡ್ತಾವ್ರೆ. ಏನೋ ಐಬಿರ್ಬೇಕು.”

೩. ಕಾಲು

ಆಮೇಲೆ ಡ್ರೈವರ್ ತಾವೇ ಪರೀಕ್ಷೆಗೆ ಇಳಿದರು. ಮೇಡಂ ಬೀರೂರಿನಲ್ಲಿ ಬಸ್ ಹತ್ತಿದಾಗ ತಮ್ಮ ಪಕ್ಕದ ಸೀಟಿನಲ್ಲಿ ಕೂರಿಸಿದರು. ಕಸುಬಿನವರು ಬೇರೆಯವರ ಗಾಡಿಯಲ್ಲಿ ಕೂತರೂ ಕಾಲು ಸುಮ್ಮನಿರುವುದಿಲ್ಲ ಎಂಬುದು ಅವರ ಲೆಕ್ಕ. ದಾರಿಯಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದರು, ಕಣ್ಣು ಮಾತ್ರ ಮೇಡಂ ಕಾಲಿನ ಮೇಲೆ.

ಬಸ್ ನಿಲ್ಲಿಸಿ ನೇರ ಲೈಬ್ರರಿಗೆ ಬಂದರು. “ಸಾರ್, ಈಯಮ್ಮ ಡ್ರೈವರ್ರೇ ಅಲ್ಲ. ಬ್ರೇಕು ಮೊದ್ಲು, ಕ್ಲಚ್ಚು ಆಮೇಲೆ. ಇವ್ರು ಎರಡೂ ಕಾಲು ಒಟ್ಟಿಗೆ ಒತ್ತಿದ್ರು.”

ಹಿಂದೆಯೇ ಬಂದ ಮೇಡಂ ನಕ್ಕರು. “ವಿಮಾನದಲ್ಲಿ ಒಂದೊಂದು ಕಾಲಿಗೆ ಒಂದೊಂದು ಬ್ರೇಕು ಕಣ್ರೀ.”

“ಕ್ಲಚ್ಚು?”

“ಇಲ್ಲ.”

ಡ್ರೈವರ್ ನನ್ನನ್ನೇ ಕೇಳಿದರು: “ಕ್ಲಚ್ಚಿಲ್ಲದ್ದನ್ನ ಗಾಡಿ ಅಂತ ನಂಬಿ ಮಗಳನ್ನ ಕಳಿಸ್ಬೇಕಾ ಸಾರ್?”

೪. ರಿವರ್ಸ್

ಅರ್ಜಿಯ ಕೊನೆಯ ದಿನ ಡ್ರೈವರ್ ಖಾಕಿಯಲ್ಲೇ ಲೈಬ್ರರಿಗೆ ಬಂದರು. ಹಿಂದೆ ಮಗಳು, ಮುಖ ಊದಿತ್ತು. ನಾನು ಮೇಡಂಗೆ ಫೋನ್ ಮಾಡಿಕೊಟ್ಟೆ.

“ಒಂದೇ ಡೌಟು ಮೇಡಂ. ನಿಂತಿರೋ ವಿಮಾನ ರಿವರ್ಸ್ ಹೆಂಗೆ ತಗೀತೀರಿ?”

“ನಾವು ತಗಿಯಲ್ಲ. ಟ್ರ್ಯಾಕ್ಟರ್ ಬಂದು ಹಿಂದಕ್ಕೆ ತಳ್ಳುತ್ತೆ.”

ಬೀರೂರು ನಿಲ್ದಾಣದ ಇಕ್ಕಟ್ಟಿನಲ್ಲಿ ಕಂಡಕ್ಟರ್ ಸೀಟಿ ಊದದಿದ್ದರೂ ರಿವರ್ಸ್ ತೆಗೆಯುವ ಮನುಷ್ಯ ಅವರು. ಫೋನ್ ನನ್ನ ಕೈಗೆ ಕೊಟ್ಟರು. ಆಮೇಲೆ ಪೆನ್ನು ಕೇಳಿದರು.

“ರಿವರ್ಸ್ ಬರಲ್ಲ ಅಂತ ಯಾವ ಡ್ರೈವರೂ ಸುಳ್ಳು ಹೇಳಲ್ಲ ಸಾರ್. ಈಯಮ್ಮ ನಿಜವಾದೋರೇ.”

ಸಹಿ ಬಿತ್ತು. ಮಗಳು ಅರ್ಜಿ ಕಿತ್ತುಕೊಂಡು ಓಡಿದಳು. ಅವರು ಮೇಜಿನ ಮೇಲೆ ಬಗ್ಗಿ ದನಿ ಇಳಿಸಿದರು.

“ಸಾರ್, ಆ ಟ್ರ್ಯಾಕ್ಟರಿಗೆ ಡ್ರೈವರ್ ಬೇಕಾ, ಸ್ವಲ್ಪ ಕೇಳಿ. ಮಗಳ ಗಾಡೀನ ಇನ್ಯಾರೋ ಹಿಂದಕ್ಕೆ ತಳ್ಳೋದು, ಯಾಕೋ ನಂಗೆ ನಂಬ್ಕೆ ಇಲ್ಲ.”