ಸೋಲುವವನ ಒಳ್ಳೆಯ ಹೆಸರು

ಆ ದಿನ ಬೆಳಿಗ್ಗೆ ಆರ್ವಿಲ್ ಟೀಸ್‌ಡೇಲ್‌ನ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಬಿತ್ತು. ಅನಾಹುತ ಶುರುವಾದದ್ದೇ ಅಲ್ಲಿಂದ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು ಕಣ್ರೀ," ಎಂದಳು ಬಾಡಿಗೆಮನೆಯ ಒಡತಿ ಲವೀನಿಯಾ. "ಮೇಲಿನ ರೂಮಿನ ಮರ್ಲ್ ಸ್ಟೋವಾಲ್ ಇದಾರಲ್ಲ, ಟಯರ್ ವ್ಯಾಪಾರದೋರು, ಮದುವೆ ಆಗ್ತೀಯಾ ಅಂತ ಕೇಳಿದಾರೆ. ಸಂಜೆ ಊಟದ ಹೊತ್ತಿಗೆ ಉತ್ತರ ಕೊಡ್ಬೇಕು. ಮನುಷ್ಯ ಎಂಥೋರು ಅಂತ ನಿಮ್ಮ ಆಫೀಸಲ್ಲಿ ಸ್ವಲ್ಪ ವಿಚಾರಿಸ್ತೀರಾ?"

ಮೊಟ್ಟೆ ಗಂಟಲಲ್ಲೇ ನಿಂತಿತು. ಇದೇ ಪ್ರಶ್ನೆಯನ್ನು ಆ ವಿಧವೆಗೆ ತಾನು ಕೇಳಬೇಕೆಂದು ಆರ್ವಿಲ್ ಮೂರು ವರ್ಷಗಳಿಂದ ಬಾಯಿ ತೆರೆಯುತ್ತಿದ್ದ. ತೆರೆದ ಬಾಯಿ ಕಂಡೊಡನೆ ಹಸಿವೆಂದುಕೊಂಡು ಅವಳು ಏನಾದರೂ ಬಡಿಸಿಬಿಡುತ್ತಿದ್ದಳು.

ಲಾಸ್ ವೇಗಸ್‌ನ ಕ್ಯಾಸಿನೊಗಳು ಒಬ್ಬರ ಮುಖ ಇನ್ನೊಬ್ಬರು ನೋಡದಿದ್ದರೂ ಸಾಲಗಾರರ ಚಾಡಿಯನ್ನು ಮಾತ್ರ ಹಂಚಿಕೊಂಡು ತಿನ್ನಲು ಕಲಿಯುತ್ತಿದ್ದ ಐವತ್ತರ ದಶಕ ಅದು. ಅಂಥದೊಂದು ಚಾಡಿಯಂಗಡಿಯಲ್ಲಿ ಆರ್ವಿಲ್ ಗುಮಾಸ್ತ. ಜೂಜಿನ ಮೇಜಿನ ಮುಂದೆ ಯಾರಾದರೂ ಸಾಲ ಕೇಳಿದರೆ ಇಲ್ಲಿಗೆ ಫೋನು ಬರುತ್ತಿತ್ತು: "ಈ ಪುಣ್ಯಾತ್ಮ ಹೇಗೆ?" ಆರ್ವಿಲ್ ಕಪಾಟಿನಿಂದ ಆತನ ಸಾಲದ ಜಾತಕ ತೆಗೆದು ಓದುತ್ತಿದ್ದ.

ಮರ್ಲ್‌ನ ಹೆಸರು ಕಪಾಟಿನಲ್ಲಿ ಕಂಡಾಗ ಆರ್ವಿಲ್‌ಗೆ ಕುಣಿಯುವಷ್ಟು ಖುಷಿ. ಟಯರ್ ವ್ಯಾಪಾರಿ ಜೂಜುಕೋರ!

"ನೀನೇ ಲವೀನಿಯಾಗೆ ಫೋನ್ ಮಾಡಿ ಹೇಳು ಮಾರಾಯ್ತಿ," ಎಂದು, ಜಾತಕ ಬಿಚ್ಚಿಯೂ ನೋಡದೆ, ಎದುರು ಕುರ್ಚಿಯ ಡೊಲೋರೆಸ್‌ಳನ್ನು ಬೇಡಿದ. "ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅನ್ಕೋತಾಳೆ."

ಪರರ ಸಂಸಾರವೆಂದರೆ ಡೊಲೋರೆಸ್‌ಗೆ ಊಟಕ್ಕಿಂತ ರುಚಿ. "ನೋಡಮ್ಮ, ಆತ ಹತ್ತು ವರ್ಷದಿಂದ ಆಡ್ತಾರೆ," ಎಂದು ಫೋನಿನಲ್ಲಿ ಓದಿದಳು. "ಪ್ರತಿ ಸಲ ಸೋಲ್ತಾರೆ. ಪ್ರತಿ ಸಲ ಸಾಲ ತೀರಿಸ್ತಾರೆ. ಎಲ್ಲೂ ಒಂದು ಸೆಂಟ್ ಬಾಕಿ ಇಲ್ಲ." ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: "ಅಳ್ತಾ ಇದಾಳೆ!"

"ಪಾಪ," ಎಂದ ಆರ್ವಿಲ್, ನಗು ತಡೆಯುತ್ತ.

"ಸಂತೋಷಕ್ಕಯ್ಯಾ! ಅವಳ ಮೊದಲನೇ ಗಂಡ ಸೋತರೂ ನಾಪತ್ತೆ, ಗೆದ್ದರೂ ನಾಪತ್ತೆಯಂತೆ. ಸೋತ ಮೇಲೂ ಸಾಲ ತೀರಿಸೋ ಗಂಡಸು ಭೂಮಿ ಮೇಲೆ ಇದಾನಾ ಅಂತಿದಾಳೆ. ತಡಿ ತಡಿ, ನಿನ್ನ ಬಗ್ಗೆನೂ ಕೇಳ್ತಿದಾಳೆ."

"ನನ್ನ ಬಗ್ಗೆನಾ?"

"ಮೂರು ವರ್ಷದಿಂದ ಬಾಯಿ ತೆರೀತಿರೋದು ಬರೀ ಹಸಿವಿಗಲ್ಲ ಅಂತ ಅವಳಿಗೂ ಅನುಮಾನ ಬಂದಿದೆ." ಡೊಲೋರೆಸ್ ಎದ್ದು ಕಪಾಟು ಹುಡುಕಿ ಬಂದಳು. "ಇಲ್ಲಮ್ಮ. ಟೀಸ್‌ಡೇಲ್ ಅನ್ನೋ ಹೆಸರೇ ನಮ್ಮಲ್ಲಿಲ್ಲ."

ಆ ಊರಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಮೋಸಗಾರನಾದರೆ ಎಷ್ಟು ನಂಬಬೇಕೆಂದಾದರೂ ಗೊತ್ತಿರುತ್ತದೆ. ಹೆಸರೇ ಇಲ್ಲದವನು ಕತ್ತಲಲ್ಲಿ ಕಾಲಿಗೆ ಸಿಕ್ಕಿದ ಹಗ್ಗ; ಹಾವೋ ಹಗ್ಗವೋ ಯಾರು ಮುಟ್ಟಿ ನೋಡುತ್ತಾರೆ?

ಮಧ್ಯಾಹ್ನ ಊಟ ಬಿಟ್ಟು ಆರ್ವಿಲ್ ಎದುರಿನ ಕ್ಯಾಸಿನೊಗೆ ನುಗ್ಗಿದ. ಉಪಾಯ ಸರಳ: ನೂರು ಡಾಲರ್ ಸಾಲ ಪಡೆಯುವುದು, ಸೋಲುವುದು, ಜೇಬಿನಲ್ಲಿದ್ದ ಸಂಬಳದಿಂದ ಅಲ್ಲೇ ತೀರಿಸುವುದು. ಸಂಜೆಯೊಳಗೆ ಒಳ್ಳೆಯ ಹೆಸರು ಸಿದ್ಧ! ಮೇಜುಗಳ ಮೇಲ್ವಿಚಾರಕ ಗಸ್ ವಾಡಿಕೆಯಂತೆ ಫೋನು ಮಾಡಿ ವಿಚಾರಿಸಿದ. ಡೊಲೋರೆಸ್ ಜಾಮೀನು ನಿಂತಳು.

ಆರ್ವಿಲ್ ನೂರನ್ನೂ ರೂಲೆಟ್ ಮೇಜಿನಲ್ಲಿ ಮೂವತ್ತೆಂಟಕ್ಕೊಮ್ಮೆ ಬಂದರೆ ಬರುವ ಹಸಿರು ಸೊನ್ನೆಯ ಮೇಲಿಟ್ಟ. ಚಕ್ರ ತಿರುಗಿತು. ಗೋಲಿ ಹಟ್ಟಿಗೆ ಮರಳಿದ ಕರುವಿನಂತೆ ನೇರ ಬಂದು ಸೊನ್ನೆಯಲ್ಲಿ ಕೂತಿತು.

"ಮೂರು ಸಾವಿರದ ಐನೂರು!" ಎಂದು ಕೂಗಿದ ಚಕ್ರ ತಿರುಗಿಸುವವನು.

"ಬೇಡ, ಬೇಡ! ಇನ್ನೊಂದು ಸಲ ತಿರುಗಿಸಿ!" ಎಂದು ಆರ್ವಿಲ್ ಗೋಗರೆದ.

"ಗೆದ್ದಾಗ ಎದ್ದು ಹೋಗೋ ಮುಠ್ಠಾಳ!" ಎಂದು ಪಕ್ಕದ ಮುದುಕಿ ಅವನ ಕಾಲರ್ ಹಿಡಿದೆಬ್ಬಿಸಿದಳು. ಸುತ್ತಲಿನವರು ಸಾಲದ ನೂರನ್ನು ಕಳೆದು, ಉಳಿದ ಹಣವನ್ನು ಅವನ ಹ್ಯಾಟಿಗೆ ತುಂಬಿ, ಚಪ್ಪಾಳೆ ತಟ್ಟುತ್ತ ಬಾಗಿಲಾಚೆ ದಬ್ಬಿದರು. ಗಸ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಸಂಜೆ ಊಟದ ಮೇಜಿನಲ್ಲಿ ಲವೀನಿಯಾಳ ಕೈ ಮರ್ಲ್‌ನ ಕೈಯಲ್ಲಿತ್ತು.

"ನೀವು ಕ್ಯಾಸಿನೊಗೆ ಹೋದ್ರಿ ಅಂತ ಡೊಲೋರೆಸ್ ಹೇಳಿದ್ರು, ನಾನೇ ಅಲ್ಲಿನ ಗಸ್‌ಗೆ ಫೋನ್ ಮಾಡಿ ಕೇಳ್ದೆ," ಎಂದಳು. "ಗೆದ್ದು ಎದ್ದು ಹೋದ್ರಂತೆ ನೀವು. ನಮ್ಮ ಮೊದಲನೇ ಯಜಮಾನ್ರೂ ಹಾಗೇ ಕಣ್ರೀ. ಅದಕ್ಕೇ ಇವರಿಗೆ ಹೂಂ ಅಂದ್ಬಿಟ್ಟೆ."

ಮರ್ಲ್ ಗಂಟಲು ಸರಿಮಾಡಿಕೊಂಡ. "ಇವತ್ತೂ ಅಲ್ಲಿ ಸಾಲ ತಗೊಂಡು ಸೋತೆ ಗುರುವೇ, ಮೂರು ಸಾವಿರದ ಐನೂರು. ನನ್ನ ಟಯರ್ ದುಡ್ಡು ಬೇಕರ್ಸ್‌ಫೀಲ್ಡ್‌ನಿಂದ ಬರೋದು ತಡ. ನಿಮ್ಮ ಹತ್ರ ಇದೆಯಂತಲ್ಲ?"

ಆರ್ವಿಲ್ ಹ್ಯಾಟನ್ನು ಎದೆಗವಚಿಕೊಂಡ.

"ಯೋಚನೆ ಯಾಕ್ರೀ?" ಎಂದಳು ಲವೀನಿಯಾ. "ಸಾಲ ತೀರಿಸೋದ್ರಲ್ಲಿ ಇವರ ಸಮ ಇಲ್ಲ ಅಂತ ನಿಮ್ಮ ಆಫೀಸೇ ಹೇಳ್ತಲ್ಲ? ಸುಳ್ಳಾ?"

ಸುಳ್ಳೆಂದರೆ ಕೆಲಸ ಹೋಗುತ್ತದೆ. ಹ್ಯಾಟು ಖಾಲಿಯಾಯಿತು; ಮರ್ಲ್ ಕ್ಯಾಸಿನೊಗೆ ಓಡಿದ. ಊಟ ರುಚಿಸದೆ ಆರ್ವಿಲ್ ಆಫೀಸಿಗೇ ವಾಪಸು ಹೋದ. ಅಷ್ಟರಲ್ಲಿ ಗಸ್‌ನ ಫೋನು.

"ಬರ್ಕೊಳ್ಳಿ. ಮರ್ಲ್ ಸ್ಟೋವಾಲ್, ಪೂರ್ತಿ ಚುಕ್ತಾ. ಪ್ರತಿ ಸಲ ಯಾವನಾದ್ರೂ ಒಬ್ಬ ಕುರಿ ಸಿಗ್ತಾನೆ ನೋಡಿ ಅವನಿಗೆ! ಹೋದ ಸಲ ನಮ್ಮ ಕ್ಷೌರದೋನು ಕೊಟ್ಟಿದ್ದ, ವಾಪಸು ಸಿಗದೆ ಇನ್ನೂ ಬಾಯಿ ಬಡ್ಕೊಳ್ತಿದಾನೆ. ಅದೆಲ್ಲ ಬರೀಬೇಡಿ. ನಮ್ಮ ದುಡ್ಡು ನಮಗೆ ಬಂತಲ್ಲ."

ಆರ್ವಿಲ್ ಮನೆಗೆ ಫೋನು ತಿರುಗಿಸಿದ. "ಲವೀನಿಯಾ, ಮರ್ಲ್ ಇದಾನಲ್ಲ..."

"ಗೊತ್ತು, ಗೊತ್ತು! ಪೂರ್ತಿ ಕಟ್ಟಿದ್ರಂತೆ, ಗಸ್ ಈಗ ತಾನೇ ಹೇಳಿದ್ರು! ಈ ವಿಚಾರಿಸೋ ಪದ್ಧತಿ ಎಷ್ಟು ಒಳ್ಳೇದು ಕಣ್ರೀ." ದನಿ ಸ್ವಲ್ಪ ಸಂಕೋಚದಿಂದ ತಗ್ಗಿತು. "ಬೇಜಾರು ಮಾಡ್ಕೋಬೇಡಿ, ನೀವು ಗೆದ್ದು ಎದ್ದು ಹೋಗೋರು. ನಿಮ್ಮ ಬಾಡಿಗೆ ಇನ್ಮೇಲೆ ಮುಂಗಡ ಕೊಟ್ಬಿಡಿ."