ಒಂದು ಕಾರಿಗೆ ಇಬ್ಬರು ಅಳಿಯಂದಿರು

ಕಾರು ಓಡಿಸುವುದರಲ್ಲಿ ನನ್ನನ್ನು ಮೀರಿಸುವವರು ಹೊಳೆನರಸೀಪುರದಲ್ಲೇ ಇರಲಿಲ್ಲ. ಇದು ಜಂಬದ ಮಾತಲ್ಲ. ಆಗ ನಮ್ಮೂರಿನಲ್ಲಿ ಕಾರು ಓಡಿಸಲು ಬರುತ್ತಿದ್ದವರೇ ಮೂವರು. ಒಬ್ಬರು ಡಾಕ್ಟರು, ಅವರಿಗೆ ಪುರುಸೊತ್ತಿರಲಿಲ್ಲ. ಇನ್ನೊಬ್ಬರು ನಮ್ಮ ರೈಸ್ ಮಿಲ್ಲಿನ ಯಜಮಾನರು, ಅವರಿಗೆ ಕಣ್ಣು ಮಂಜಾಗಿತ್ತು. ಮೂರನೆಯವನು ಅವರ ಕಾರಿನಲ್ಲೇ ಓಡಿಸಲು ಕಲಿತ ಅವರ ಗುಮಾಸ್ತ, ಅಂದರೆ ನಾನು!

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವನವರಿಗೆ ಮಂಡಿನೋವು ಶುರುವಾಗಿ ತಮ್ಮ ಕಾರಿನ ಬ್ರೇಕು ತುಳಿಯುವುದು ಕಷ್ಟವಾಯಿತು. ಅವರಿಗೆ ಗಂಡುಮಕ್ಕಳಿಲ್ಲ. ಅಳಿಯಂದಿರು ಇಬ್ಬರು: ನಾನು ಮತ್ತು ಅರಕಲಗೂಡಿನ ನನ್ನ ಷಡ್ಡಕ ಶಿವಣ್ಣ. ಇಬ್ಬರಿಗೂ ಇಪ್ಪತ್ನಾಲ್ಕು ವರ್ಷ. ಕಾರು ಮಾತ್ರ ಒಂದೇ. ಕಾರಿಗೆ ವಿಮೆ ಇರಲೇಬೇಕೆಂಬ ಕಾನೂನಿನ ಮಾತು ಆಗ ತಾನೇ ಬಂದಿತ್ತು. ಮಾವನವರು ಪಕ್ಕಾ ವ್ಯಾಪಾರಸ್ಥರು. "ಯಾರ ಹೆಸರಿಗೆ ವಿಮೆ ಕಮ್ಮಿ ಬೀಳುತ್ತದೋ ಅವರಿಗೆ ಕಾರು" ಎಂದು ಇಬ್ಬರಿಗೂ ಕಾಗದ ಬರೆದುಬಿಟ್ಟರು.

"ರೀ, ಈಗಲೇ ಹೇಳ್ತೀನಿ ಕೇಳಿ" ಎಂದಳು ನನ್ನ ಹೆಂಡತಿ ಲಲಿತ. "ಗೌರಿಹಬ್ಬಕ್ಕೆ ನನ್ನ ತಂಗಿ ಕಾರಿಂದ ಇಳಿಯೋದು, ನಾನು ತಲೆ ತುಂಬಾ ಧೂಳು ಹೊತ್ಕೊಂಡು ಬಸ್ಸಿಂದ ಇಳಿಯೋದು ಅಂತಾದ್ರೆ, ನಾನು ತವರಿಗೇ ಹೋಗಲ್ಲ."

"ಅಯ್ಯೋ ಹುಚ್ಚಿ! ಶಿವಣ್ಣನಿಗೆ ಬ್ರೇಕ್ ಯಾವುದು, ಗೇರ್ ಯಾವುದು ಅಂತಲೇ ಗೊತ್ತಿಲ್ಲ!"

ಹಾಗೆ ಧೈರ್ಯ ಹೇಳಿದೆನೇ ಹೊರತು ನನಗೂ ಒಳಗೊಳಗೆ ಅಳುಕಿತ್ತು.

ಗೊತ್ತಾದ ಭಾನುವಾರ ಎಲ್ಲರೂ ಮಾವನ ಮನೆಯಲ್ಲಿ ಸೇರಿದೆವು. ಹಾಸನದಿಂದ ವಿಮೆ ಏಜೆಂಟರು ಬಂದರು. ಕಪ್ಪು ಕೋಟು, ನಗುವೇ ಕಾಣದ ಮುಖ. ಹಜಾರದಲ್ಲಿ ಜಮಖಾನ ಹಾಸಿ, ಉಪ್ಪಿಟ್ಟು ಕಾಫಿ ಕೊಟ್ಟು, ನನ್ನನ್ನು ಎದುರಿಗೆ ಕೂರಿಸಿದರು. ಬಾಗಿಲ ಸಂದಿಯಲ್ಲಿ ಹೆಂಗಸರ ಕಣ್ಣುಗಳು. ನನಗೆ ತಟ್ಟನೆ ನೆನಪಾಯಿತು: ಎರಡು ವರ್ಷದ ಹಿಂದೆ ಇದೇ ಹಜಾರದಲ್ಲಿ, ಹೆಣ್ಣು ನೋಡಲು ಬಂದಾಗ, ಹೀಗೇ ಕೂರಿಸಿ ಹೀಗೇ ಪ್ರಶ್ನೆ ಕೇಳಿದ್ದರು. ಆಗ ಪಾಸಾದವನು ಈಗ ಯಾಕೆ ಹೆದರಬೇಕು? ಅದೇ ಧಾಟಿಯಲ್ಲಿ ಉತ್ತರ ಕೊಡುವುದೆಂದು ನಿಶ್ಚಯಿಸಿದೆ.

"ವಯಸ್ಸು?"

"ಇಪ್ಪತ್ನಾಲ್ಕು. ನೋಡಿದವರು ಹತ್ತೊಂಬತ್ತು ಅಂತಾರೆ!"

ಅವರು ಬರೆದುಕೊಂಡರು.

"ಕಾರು ಯಾರು ಓಡಿಸ್ತಾರೆ?"

"ನಾನೇ. ಡ್ರೈವರ್ ಇಟ್ಕೊಳ್ಳೋಕೆ ನನಗೇನು ಕೈಕಾಲಿಲ್ವೆ?"

"ಬೇರೆಯವರು ಕೇಳಿದರೆ ಕೊಡ್ತೀರಾ?"

"ಕೇಳಿದವರಿಗೆ ಇಲ್ಲ ಅಂದದ್ದು ನಮ್ಮ ವಂಶದಲ್ಲೇ ಇಲ್ಲ!"

"ಎಷ್ಟು ಜನರನ್ನ ಕೂರಿಸ್ತೀರಿ?"

"ಹತ್ತಿದಷ್ಟು! ಹಾಸನಕ್ಕೆ ಬಸ್ಸು ಒಂದೂವರೆ ಗಂಟೆ ತಗೊಂಡ್ರೆ ನಾನು ಮುಕ್ಕಾಲು ಗಂಟೆ!"

"ಹಿಂದೆ ಏನಾದರೂ ಅಪಘಾತ?"

"ಹೇಳಿಕೊಳ್ಳುವಂಥದ್ದೇನಿಲ್ಲ. ಒಂದು ಸಲ ಎಮ್ಮೆ, ಒಂದು ಸಲ ಸುಂಕದ ಗೇಟು. ಗಂಡಸು ಅಂದ ಮೇಲೆ ಅಷ್ಟೂ ಬೇಡವೇ?"

ಅವರು ಪೆನ್ನಿಗೆ ಮತ್ತೆ ಮಸಿ ತುಂಬಿಕೊಂಡರು. ಇಷ್ಟೊಂದು ಗುಣ ಬರೆದುಕೊಳ್ಳಬೇಕಲ್ಲ ಪಾಪ, ಅಂದುಕೊಂಡೆ.

ಆಮೇಲೆ ಶಿವಣ್ಣನ ಸರದಿ. ಅವನ ಉತ್ತರ ಕೇಳಿ ನನಗೇ ನಾಚಿಕೆಯಾಯಿತು. "ನನಗೆ ಓಡಿಸೋಕೆ ಭಯ ಸ್ವಾಮಿ" ಅಂದ, ಅದೂ ಹೆಂಡತಿಗೆ ಕೇಳುವ ಹಾಗೆ! ಅರವತ್ತು ವರ್ಷದ ಡ್ರೈವರ್ ಒಬ್ಬನನ್ನು ಗೊತ್ತುಮಾಡಿದ್ದಾನಂತೆ. ಅವನು ಹಿಂದೆ ಎತ್ತಿನಗಾಡಿ ಬಂದರೂ ಪಕ್ಕಕ್ಕೆ ಸರಿದು ದಾರಿ ಬಿಡುವವನಂತೆ. "ಬೇರೆಯವರಿಗೆ ಕೊಡ್ತೀರಾ?" ಎಂದರೆ, "ನಮ್ಮಪ್ಪ ಕೇಳಿದ್ರೂ ಕೊಡಲ್ಲ" ಅಂದ. ಇಂಥವನಿಗೆ ಹೆಣ್ಣು ಹೇಗೆ ಕೊಟ್ಟರೋ! ಗೆದ್ದೆ ಎಂದುಕೊಂಡೆ. ಗೆಲುವು ಗಟ್ಟಿಯಾಗಲೆಂದು ಏಜೆಂಟರಿಗೆ, "ಬನ್ನಿ, ನನ್ನ ಕೈಚಳಕ ಒಂದಿಷ್ಟು ನೋಡಿ" ಎಂದು ನಾನಾಗಿಯೇ ಕಾರು ಹತ್ತಿಸಿದೆ.

ನುಗ್ಗೇಹಳ್ಳಿ ರಸ್ತೆಯಲ್ಲಿ ಮೂರು ಮೈಲಿ ಹೋಗುವಷ್ಟರಲ್ಲಿ ರೈತನೊಬ್ಬ ರಸ್ತೆಯ ತುಂಬ ಹುರುಳಿ ಗಿಡ ಹರಡಿದ್ದ. ಗಾಡಿಗಳು ತುಳಿದರೆ ಕಾಳು ಉದುರುತ್ತದಲ್ಲ, ಅದಕ್ಕೆ. ನಮ್ಮ ಕಾರು ದಾಟಿದ್ದೇ ತಡ, ಅವನು ಕೈ ಮುಗಿದುಕೊಂಡು ಓಡಿ ಬಂದ.

"ಸಾ, ಒಂಟೋಗ್ಬ್ಯಾಡಿ ಸಾ! ಉಳ್ಳಿ ಮ್ಯಾಲೆ ಇನ್ನೆಲ್ಡು ದಪ ಓಡ್ಸಿ. ನಮ್ಮೆತ್ತಿಗೆ ಒಸಿ ಆಯಾಸ ತಪ್ತದೆ!"

ಕೇಳಿದವರಿಗೆ ಇಲ್ಲ ಎನ್ನದ ವಂಶ! ಹಿಂದಕ್ಕೆ ಹೋದೆ, ಮುಂದಕ್ಕೆ ಬಂದೆ. ಎರಡು ದಪ ಹೋಗಿ ಎಂಟಾಯಿತು. ರೈತ "ಅಂಗೇ ಸಾ, ಅಂಗೇ!" ಎಂದು ಕುಣಿದ. ಒಂಬತ್ತನೆಯ ಸಲಕ್ಕೆ ಚಕ್ರಕ್ಕೆ ಸೊಪ್ಪು ಸುತ್ತಿ, ಕಾರು ಜಾರಿ, ರಸ್ತೆ ಬದಿಯ ಮೆದೆಯೊಳಗೆ ಮೂತಿ ತೂರಿಸಿ ನಿಂತಿತು. ಕೆಳಗಿನಿಂದ ಹೊಗೆ ಬಂತು. ಕಾರಿನಡಿಯ ಕಾದ ಹೊಗೆಕೊಳವೆಗೆ ಒಣ ಸೊಪ್ಪು ಅಂಟಿಕೊಂಡಿತ್ತು.

"ನೀರ್ ತಕಂಬಾರ್ಲಾ! ಮೋಟ್ರು ಅತ್ಕಂಬುಡ್ತು ಕಣ್ಲಾ!" ಎಂದು ರೈತ ತನ್ನ ತಮ್ಮನನ್ನು ಕೂಗಿದ.

ಏಜೆಂಟರು ಬಾಗಿಲು ತೆರೆಯುವ ಗೋಜಿಗೆ ಹೋಗದೆ ಕಿಟಕಿಯಿಂದಲೇ ಹೊರಗೆ ಬಂದರು. ಎರಡು ಕೊಡ ನೀರಿಗೆ ಹೊಗೆ ಆರಿತು. ಕಾರಿಗೆ ಏನೂ ಆಗಲಿಲ್ಲ. ಅವರು ಮಾತ್ರ ವಾಪಸು ಕಾರು ಹತ್ತಲಿಲ್ಲ. ಮೂರು ಮೈಲಿಯೂ ನಡೆದೇ ಬಂದರು!

ಮನೆಗೆ ಬಂದವರೇ ಕಾಗದ ತೆಗೆದು ಹೇಳಿದರು. ನನ್ನ ವಿಮೆಯ ಕಂತು ಶಿವಣ್ಣನದರ ಎರಡೂವರೆ ಪಟ್ಟು!

"ಇದು ಅನ್ಯಾಯ!" ಎಂದು ಕೂಗಿದೆ. "ಅದೇ ಕಾರು, ಅದೇ ವಯಸ್ಸು! ಅವನಿಗೆ ಓಡಿಸೋಕೇ ಬರಲ್ಲ!"

"ಅದಕ್ಕೇ ಸ್ವಾಮಿ ಅವರಿಗೆ ಕಮ್ಮಿ" ಎಂದರು ಏಜೆಂಟರು, ಕಾಲರಿನಿಂದ ಹುರುಳಿ ಸೊಪ್ಪು ಕೀಳುತ್ತಾ. "ವಯಸ್ಸು ನೋಡಿ ಇಬ್ಬರಿಗೂ ಹೆಚ್ಚೇ ಹಾಕಿದ್ದೆ. ಅವರಿಗೆ ಭಯ ಇದೆ ಅಂತ ಇಳಿಸಿದೆ. ನಿಮಗೆ ಇಳಿಸೋಕೆ ಏನಾದರೂ ಸಿಗುತ್ತಾ ಅಂತ ಹುಡುಕಿದೆ. ಸಿಗಲಿಲ್ಲ."

ಬಾಗಿಲ ಸಂದಿಯಲ್ಲಿದ್ದ ಲಲಿತಳ ಕಣ್ಣು ತುಂಬಿತ್ತು. ಅವಳ ಮುಖ ನೋಡಲಾರದೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಶಿವಣ್ಣನಿಗೂ ಕನಿಕರ ಬಂತು. "ಬೇಜಾರು ಮಾಡ್ಕೋಬೇಡಿ ಭಾವ, ಬೇಕಾದಾಗ ನೀವೇ ಓಡಿಸ್ಕೊಂಡು ಹೋಗಿ" ಎಂದ. ಅಷ್ಟು ಕೇಳಿದ್ದೇ ಏಜೆಂಟರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

ಹದಿನೈದು ದಿನಕ್ಕೆ ಶಿವಣ್ಣನ ಹೆಸರಿಗೆ ವಿಮೆಯ ಕಾಗದ ಬಂತು. ಮಾವನವರು ಎಲ್ಲರೆದುರು ಗಟ್ಟಿಯಾಗಿ ಓದಿದರು: "ಸದರಿ ವಾಹನವನ್ನು ಲೈಸೆನ್ಸುಳ್ಳ ಯಾರು ಬೇಕಾದರೂ ಚಲಾಯಿಸಬಹುದು, ಈ ಕೆಳಕಂಡ ಒಬ್ಬ ವ್ಯಕ್ತಿಯನ್ನು ಹೊರತುಪಡಿಸಿ." ಕೆಳಗೆ ನನ್ನ ಹೆಸರು, ತಂದೆಯ ಹೆಸರು, ಊರು, ಒಂದು ತಪ್ಪೂ ಇಲ್ಲದೆ ಟೈಪಾಗಿತ್ತು. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರನ್ನು ಅಷ್ಟು ಮರ್ಯಾದೆಯಿಂದ ಬರೆದ ಕಾಗದ ಇವತ್ತಿನವರೆಗೂ ಇನ್ನೊಂದಿಲ್ಲ!