ಅಟ್ಟದ ಏಣಿ ಮತ್ತು ಮೂರು ಸಾಕ್ಷಿಗಳು

ಅವ್ವನ ಮೇಲೆ ನನಗಿರುವ ಪ್ರೀತಿ ಬ್ಯಾಟರಿಯಿಂದ ನಡೆಯುತ್ತದೆ. ವಾರಕ್ಕೊಮ್ಮೆ ಚಾರ್ಜಿಗೆ ಹಾಕಬೇಕು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನನ್ನ ವಯಸ್ಸಿನವರ ಪ್ರೀತಿ ಬಹಳಷ್ಟು ಹೀಗೇ ಇದೆ, ಕೆಲವರದಕ್ಕೆ ವಾರಂಟಿಯೂ ಇದೆ. ಎಂಬತ್ತರ ಹತ್ತಿರದ ಅವ್ವ ಅಟ್ಟದ ಏಣಿಯಿಂದ ಬಿದ್ದಾಳು ಎಂಬ ಭಯದಿಂದ ಯಂತ್ರ ತರಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವಾದ ಭಯ ಬೇರೆ: ಅವಳು ಬಿದ್ದ ಹೊತ್ತಿನಲ್ಲಿ ಮಗ ತುರುವೇಕೆರೆಯ ಕಾಲೇಜಿನಲ್ಲಿ ಗುರುತ್ವಾಕರ್ಷಣೆಯ ಪಾಠ ಮಾಡುತ್ತಿದ್ದನೆಂದು ನಮ್ಮೂರು ದಂಡಿನಶಿವರದ ಜನ ಆಡಿಕೊಂಡಾರು.

ನಮ್ಮ ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆಯೊಳಗೇ ವರ್ಷದ ಹತ್ತಿರ ಒಣಗಿ ಕೊಬ್ಬರಿಯಾಗುವ ಆ ಕಾಯಿಗಳನ್ನು ಅವ್ವ ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾಳೆ. ಕುಳುಕುಳು ಎಂದರೆ ಒಳಗೆ ನೀರಿದೆ, ಅಲ್ಲೇ ಇರಲಿ. ಲೊಡಲೊಡ ಎಂದರೆ ಒಣಗಿ ಗಿಟುಕಾಗಿದೆ, ಕೆಳಗಿನ ಗೋಣಿತಾಟಿನ ಮೇಲೆ ದುಡುಮ್ಮನೆ ಎಸೆತ. ಈ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿಲ್ಲ. ನನ್ನ ಕಿವಿಯ ಮೇಲಂತೂ ನಂಬಿಕೆಯೇ ಇಲ್ಲ.

ತಿಪಟೂರಿನಿಂದ ಬಂದ ಯಂತ್ರದವನು ಮೂರು ಸಾಧನ ಹೂಡಿದ: ಅವ್ವನ ಮಣಿಕಟ್ಟಿಗೆ ಕೈ ಕುಲುಕುವುದನ್ನು ಅಳೆಯುವ ಪಟ್ಟಿ, ಏಣಿಯ ಪಕ್ಕದ ಗೋಡೆಗೆ, ಎದುರಿಗೆ ಯಾರಾದರೂ ನಿಂತಿದ್ದಾರೋ ಇಲ್ಲವೋ ನೋಡುವ ಡಬ್ಬಿ, ಏಣಿಯ ಬುಡಕ್ಕೆ ನೆಲದ ಅದುರು ಹಿಡಿಯುವ ಬಿಲ್ಲೆ. ಮೂರೂ ಒಪ್ಪಿದರೆ ಮಾತ್ರ ನನ್ನ ಫೋನು ಬಡಿದುಕೊಳ್ಳುತ್ತದೆ. "ಒಂದು ಸಾಕ್ಷಿ ಸುಳ್ಳು ಹೇಳ್ಬೋದು ಸಾರ್, ಮೂರೂ ಸೇರಿ ಹೇಳಲ್ಲ" ಎಂದ. ಪಾಪ, ಕೋರ್ಟು ಕಂಡವನಲ್ಲ.

ಮೂರು ಸಲ ಅಲಾರಂ ಆದರೆ ಏಣಿ ಬಿಚ್ಚಿಡುತ್ತೇನೆ ಎಂದು ಅವ್ವನಿಗೆ ಹೇಳಿದೆ. "ಬಿಚ್ಚು, ನಾನೂ ನೋಡ್ತೀನಿ" ಎಂದಳು.

ಮೂರು ದಿನಕ್ಕೆ ಮೂರು ಅಲಾರಂ. ಕೈ ಕುಲುಕಿದೆ, ಗೋಡೆಯೆದುರು ನಿಂತಿದ್ದವಳು ಮಾಯವಾಗಿದ್ದಾಳೆ, ನೆಲ ಅದುರಿದೆ. ವಿಜ್ಞಾನದ ಪ್ರಕಾರ ಅವ್ವ ಬಿದ್ದಿದ್ದಳು. ಮೊದಲ ಸಲ ಪಾಠ ಅರ್ಧಕ್ಕೆ ಬಿಟ್ಟು ಬೈಕಿನಲ್ಲಿ ಹಾರಿ ಬಂದೆ. ಅವಳು ಕಾಯಿ ಅಲ್ಲಾಡಿಸುತ್ತಲೇ ಅಟ್ಟದಿಂದ ತಲೆ ಹೊರಹಾಕಿ, "ಯಾಕ್ಲಾ, ಕಾಲೇಜು ಮುಚ್ಚೋಯ್ತಾ?" ಎಂದಳು. ನಾನಾಗ ಅಳುತ್ತಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಬೆವರುತ್ತಿದ್ದೆ.

ಮೂರನೆಯ ಸಲ ಬಂದವನೇ ತುದಿಗೆ ಕಟ್ಟಿದ ಹಗ್ಗ ಬಿಚ್ಚಲು ಏಣಿ ಹತ್ತಿದೆ.

"ಇಳಿ ಅವ್ವ. ಮಾತು ಅಂದ್ರೆ ಮಾತು."

"ನಾನೆಲ್ಲಿ ಬಿದ್ದಿದೀನ್ಲಾ?" ಒಳಗಿನ ಮಬ್ಬಿನಿಂದ ದನಿ ಬಂತು. ಜಗಳಕ್ಕೆಂದು ಕಾಯಿ ಕೆಳಗಿಟ್ಟು, ಕೈಕಟ್ಟಿ ಕೂತಿದ್ದಳು.

"ಬಿದ್ದಿದೀಯ ಅಂತ ಮೂರು ಯಂತ್ರ ಹೇಳ್ತಾವೆ," ಎನ್ನುತ್ತಲೇ ನಾನು ಬಿದ್ದೆ. ಎಷ್ಟನೇ ಮೆಟ್ಟಿಲಿನಿಂದ ಎಂಬುದು ಖಚಿತವಿಲ್ಲ. ಹೇಳುವಾಗಲೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತಿದೆ. ನೆಲ ಅದುರಿತು, ಡಬ್ಬಿಯ ಕಣ್ಣಿಗೆ ನಾನು ಮಾಯವಾದೆ. ಆದರೆ ಪಟ್ಟಿ ಇದ್ದದ್ದು ಅವ್ವನ ಕೈಯಲ್ಲಿ, ಅದು ನೆಮ್ಮದಿಯಾಗಿತ್ತು. ಜೇಬಿನ ಫೋನು ಉಸಿರೆತ್ತಲಿಲ್ಲ.

"ಏನ್ಲಾ ಅದು ಬಿದ್ದಿದ್ದು?"

"ಕಾಯಿ ಕಣವ್ವ."

"ಗಿಟುಕಲ್ಲ ಬುಡು. ಒಳಗಿನ್ನೂ ನೀರೈತೆ ಅದುಕ್ಕೆ."

ಇಳಿದು ಬಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದಳು ಎಂದು ಬರೆದರೆ ಇದು ಸೊಗಸಾಗಿ ಮುಗಿಯುತ್ತದೆ. ಅವಳು ಹಾಗೇನೂ ಮಾಡಲಿಲ್ಲ. ನನ್ನನ್ನು ದಾಟಿಕೊಂಡು ಹೋಗಿ ಎಣ್ಣೆ ಬಿಸಿಗಿಟ್ಟಳು. ಆಮೇಲೆ ತನ್ನ ಪಟ್ಟಿ ಬಿಚ್ಚಿ ನನ್ನ ಕೈಗೆ ಕಟ್ಟಿದಳು. ಏಣಿ ಅಲ್ಲೇ ಇದೆ. ಹತ್ತಬಾರದೆಂಬ ಆಜ್ಞೆ ಮಾತ್ರ ಈಗ ನನ್ನ ಮೇಲಿದೆ. ಅಲಾರಂ ಹೆಂಡತಿಯ ಫೋನಿಗೆ ಹೋಗುತ್ತದೆ.

ಮೊನ್ನೆ ಅವ್ವ ಎಸೆದ ಕಾಯಿಯೊಂದು ಕಾಲಿಗೆ ಸಿಕ್ಕಿ ಅದೇ ಏಣಿಯ ಬುಡದಲ್ಲಿ ಮತ್ತೆ ಬಿದ್ದೆ. ಮೂರು ಸಾಕ್ಷಿಗಳೂ ಮೊದಲ ಬಾರಿಗೆ ಸೇರಿ ಸತ್ಯ ಹೇಳಿದವು. ಅಡುಗೆಮನೆಯಲ್ಲಿ ಫೋನು ಬಡಿದುಕೊಂಡಿತು. ಅಟ್ಟದ ಮೇಲಿಂದ ಅವ್ವ ಹೆಂಡತಿಗೆ ಕೂಗಿ ಹೇಳಿದ್ದು ನೆಲದಲ್ಲಿ ಬಿದ್ದಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು:

"ನೀ ಒಲೆ ನೋಡ್ಕ ಕಣೇ. ಅದು ಬರೀ ಸುಳ್ಳು ಹೇಳ್ತದೆ."